ನಮ್ಮ ಮನೆಯವರ ನಾಡಿ ಬಡಿತ ಹಾಗೂ ಸಕ್ಕರೆಯಿಲ್ಲದ ಸಿಹಿ ಕಷಾಯದ ವಿಷಯ

ಮಾನ್ಯ ಓದುಗರ ಸನ್ನಿಧಿಗೆ ನಾವುಂದದ ಒಬ್ಬ ಶಾಲಾ ಮಾಸ್ತರರ ಹೆಂಡತಿಯು ವಿನಯಪೂರ್ವಕವಾಗಿ ಮಾಡಿಕೊಳ್ಳುವ ಅರಿಕೆ ಏನೆಂದರೆ, ನನ್ನ ಅಕ್ಷರಗಳು ಗೆರೆ ಬಿಟ್ಟು ಕೆಳಗಿಳಿಯುತ್ತವೆ, ಒತ್ತಕ್ಷರಗಳು ಇರಬೇಕಾದಲ್ಲಿ ಇರುವುದಿಲ್ಲ. ಅವೆಲ್ಲವನ್ನೂ ದಯಮಾಡಿ ಮನ್ನಿಸಬೇಕು. ನಾನು ಐದನೆಯ ತರಗತಿಯವರೆಗೆ ಮಾತ್ರ ಓದಿದವಳು. ಆಮೇಲೆ ನಾನು ಕಾಗದದ ಮೇಲೆ ಬರೆದದ್ದೆಂದರೆ ನಮ್ಮ ಮನೆಯವರ ರಜೆಯ ಅರ್ಜಿಗಳನ್ನು ಮಾತ್ರ. ಅವರ ಕೈ ನಡುಗುತ್ತಿದ್ದ ದಿನಗಳಲ್ಲಿ ಅವರು ಮಲಗಿದಲ್ಲಿಂದ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. "ಸದರಿ", "ಮೇಲ್ಕಾಣಿಸಿದ", "ತಮ್ಮ ಅವಗಾಹನೆಗೆ" ಎಂಬ ಮಾತುಗಳು ನನಗೆ ಬಂದದ್ದು ಹಾಗೆ. ಬೇರೆ ರೀತಿಯಲ್ಲಿ ಬರೆಯುವ ಕ್ರಮ ನನಗೆ ತಿಳಿಯದು. ಆದ್ದರಿಂದ ಈ ಬರಹವೂ ಒಂದು ದೀರ್ಘವಾದ ಅರ್ಜಿಯಂತೆ ಕಂಡರೆ ತಾವು ಬೇಸರಿಸಬಾರದು.

ನಮ್ಮ ಜಿಲ್ಲೆಯು ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ನನ್ನ ಮದುವೆಯಾಯಿತು. ನಮ್ಮದು ಅಳಿಯಕಟ್ಟಿನ ಕುಟುಂಬ. ನಮ್ಮಲ್ಲಿ ಗಂಡಸು ಎಲ್ಲಿ ನೌಕರಿ ಮಾಡಿದರೂ, ಎಲ್ಲಿ ಬಾಡಿಗೆ ಮನೆ ಹಿಡಿದರೂ, ಅವನ ಮೂಲ ಮನೆ ಅವನ ಅಕ್ಕ ತಂಗಿಯರದು. ನಮ್ಮ ಮನೆಯವರಿಗೆ ಒಬ್ಬಳೇ ಅಕ್ಕ. ತಾಯಿ ಬೇಗ ತೀರಿಹೋದ್ದರಿಂದ ಅವರನ್ನು ಎತ್ತಿ ಆಡಿಸಿದವಳು, ಉಣಿಸಿದವಳು ಅವಳೇ. ಅಮಾಸೆಬೈಲಿನ ಆ ಮನೆಯಿಂದ ಆಕೆ ವರ್ಷದಲ್ಲಿ ಹಲವು ಸಲ ನಮ್ಮಲ್ಲಿಗೆ ಬರುತ್ತಿದ್ದಳು. ಬಂದರೆ ಅಡುಗೆಮನೆಯ ಸೌಟು ಅವಳ ಕೈಗೆ ಹೋಗುತ್ತಿತ್ತು. ಇದು ಜಗಳದ ಸಂಗತಿಯಲ್ಲ, ರೂಢಿ. ನಾನು ಅತ್ತಿಗೆಯ ಮಾತಿಗೆ ಎದುರು ಹೇಳಿದವಳಲ್ಲ. ಹೇಳಬೇಕೆಂದು ಹೊಳೆದದ್ದೂ ಇಲ್ಲ.

ನಮ್ಮ ಮನೆಯವರಿಗೆ ಸಣ್ಣ ಪ್ರಾಯದಲ್ಲಿ ಕೀಲುಗಳು ಬಾತು ಬಹಳ ಕಾಲ ಜ್ವರ ಬಂದಿತ್ತಂತೆ. ಅದು ವಾಸಿಯಾಯಿತೆಂದೇ ಎಲ್ಲರೂ ತಿಳಿದಿದ್ದರು. ಮದುವೆಯಾಗಿ ಕೆಲವು ವರ್ಷಗಳ ಮೇಲೆ ಒಂದು ಮಧ್ಯಾಹ್ನ ಅವರು ಪಾಠ ಹೇಳುತ್ತಿದ್ದಂತೆಯೇ ಮೇಜು ಹಿಡಿದು ಕುಳಿತರು. ಎದೆಯೊಳಗೆ ಬುಟ್ಟಿಗೆ ಹಾಕಿದ ಮೀನು ಒದ್ದಾಡಿದ ಹಾಗೆ ಆಗುತ್ತದೆ ಎಂದರು. ಬ್ರಹ್ಮಾವರದಲ್ಲಿ ಹೃದಯದ ರೋಗ ಬಲ್ಲ ಒಬ್ಬ ಹಿರಿಯ ವೈದ್ಯರಿದ್ದರು. ಅವರಲ್ಲಿಗೆ ಹೋದೆವು. ಅವರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಇನ್ನೂ ದಕ್ಷಿಣದ ದೊಡ್ಡ ಆಸ್ಪತ್ರೆಗೆ ಕಳಿಸಿ ಯಂತ್ರದಿಂದ ಹೃದಯದ ಗೆರೆಗಳನ್ನು ತೆಗೆಸಿದರು. ಆ ಹಳೆಯ ಜ್ವರವು ಹೃದಯದ ಒಂದು ಬಾಗಿಲನ್ನು ಕೆಡಿಸಿದೆ, ಅದರಿಂದ ಬಡಿತದ ತಾಳ ತಪ್ಪಿದೆ, ಇನ್ನು ಅದು ಸರಿಯಾಗುವುದಿಲ್ಲ, ಆದರೆ ಅದರ ಓಟವನ್ನು ಹತೋಟಿಯಲ್ಲಿಡಬಹುದು ಎಂದು ತಿಳಿಸಿದರು. ದಿನಕ್ಕೊಂದು ಸಣ್ಣ ಬಿಳಿ ಮಾತ್ರೆ ಕೊಟ್ಟರು. ಮಾತ್ರೆ ಕೊಡುವ ಮೊದಲು ಮುಂಗೈ ಹಿಡಿದು ನಾಡಿ ಎಣಿಸಬೇಕು, ತೀರಾ ನಿಧಾನವಿದ್ದರೆ ಆ ದಿನ ಮಾತ್ರೆ ಕೊಡಬಾರದು ಎಂದು ನನ್ನ ಬೆರಳುಗಳನ್ನು ನಮ್ಮ ಮನೆಯವರ ಮುಂಗೈಯ ಮೇಲೆ ತಾವೇ ಇಟ್ಟು ಕಲಿಸಿದರು.

ಆ ದಿನದಿಂದ ಬೆಳಿಗ್ಗೆ ನನ್ನ ಮೊದಲ ಕೆಲಸ ಅದು. ಭತ್ತ ಕುಟ್ಟುವಾಗ ಎದುರುಬದುರು ನಿಂತ ಇಬ್ಬರು ಹೆಂಗಸರಲ್ಲಿ ಒಬ್ಬಳು ಹೊಸಬಳಾದರೆ ಒನಕೆಗಳು ಹೇಗೆ ಬೀಳುತ್ತವೆಯೋ ಹಾಗಿತ್ತು ಅವರ ನಾಡಿ. ಎರಡು ಬೇಗ ಬೀಳುತ್ತಿತ್ತು, ಒಂದು ತಡವಾಗುತ್ತಿತ್ತು, ಒಂದು ಬಿದ್ದಿತೋ ಇಲ್ಲವೋ ತಿಳಿಯುತ್ತಿರಲಿಲ್ಲ. ಮೊದಮೊದಲು ನನ್ನ ಬೆರಳಿಗೆ ಭಯವಾಗುತ್ತಿತ್ತು. ಆಮೇಲೆ ಆ ತಪ್ಪು ತಾಳವೇ ರೂಢಿಯಾಯಿತು. ಹಾಲು ಕರೆದ ಹಾಗೆ, ಅಂಗಳ ಗುಡಿಸಿದ ಹಾಗೆ, ನಾಡಿ ಹಿಡಿಯುವುದೂ ಮನೆಗೆಲಸದಲ್ಲಿ ಒಂದಾಯಿತು.

ಒಂದು ಮಳೆಗಾಲದಲ್ಲಿ ಅವರಿಗೆ ಕೆಮ್ಮು ಹಿಡಿದು ಬಿಡಲಿಲ್ಲ. ಬೈಂದೂರಿಗೆ ಶಾಲೆಯ ಕೆಲಸದ ಮೇಲೆ ಹೋದವರು ಅಲ್ಲಿಯ ಅಂಗಡಿಯಿಂದ ಕೆಮ್ಮಿನ ಔಷಧಿಯ ಒಂದು ಬಾಟಲಿ ತಂದರು. ಎರಡು ಚಮಚ ಕುಡಿದ ಮೇಲೆ ಹೃದಯ ಓಡಿದ ಓಟ ಎಂಥದ್ದೆಂದರೆ, ಅಂಗಿಯ ಗುಂಡಿ ಅಲುಗುವುದು ನನಗೆ ದೂರದಿಂದ ಕಾಣುತ್ತಿತ್ತು. ಉಸಿರಾಟ ಸುಲಭ ಮಾಡುವ ಔಷಧಿಗಳಲ್ಲಿ ಕೆಲವು ಹೃದಯವನ್ನು ಓಡಿಸುತ್ತವೆ ಎಂದು ಬ್ರಹ್ಮಾವರದ ವೈದ್ಯರು ತಿಳಿಸಿದರು. "ಇನ್ನು ಮೇಲೆ ನನ್ನನ್ನು ಕೇಳದೆ ಒಂದು ತಲೆನೋವಿನ ಗುಳಿಗೆ ಸಹ ಕೊಡಬೇಡಿ ಅಮ್ಮ" ಎಂದು ನನಗೆ ಕಟ್ಟಪ್ಪಣೆ ಮಾಡಿದರು. ನಾನು ಆ ಅಪ್ಪಣೆಯನ್ನು ಅಕ್ಷರಶಃ ಪಾಲಿಸಿದೆ. ಔಷಧಿ ಎಂದು ಕರೆಯಲ್ಪಡುವ ಯಾವ ವಸ್ತುವನ್ನೂ ಕೇಳದೆ ಕೊಟ್ಟಿಲ್ಲ ಎಂಬುದನ್ನು ಈ ಮೂಲಕ ಸ್ಪಷ್ಟಪಡಿಸುತ್ತೇನೆ.

ಆಮೇಲೆ ಕಾಲು ಬಾಯತೊಡಗಿತು. ನೀರು ಇಳಿಸುವ ಇನ್ನೊಂದು ಮಾತ್ರೆ ಬಂತು. ಅನ್ನದಿಂದ ಉಪ್ಪು ಹೋಯಿತು. ಒಣಮೀನು, ಉಪ್ಪಿನಕಾಯಿ, ಹಪ್ಪಳ ಹೋದವು. ಕಡಲ ಬದಿಯ ಊರಿನಲ್ಲಿ ಉಪ್ಪಿಲ್ಲದೆ ಗಂಜಿ ಉಣ್ಣುವ ಮನುಷ್ಯನ ಮುಖ ನೋಡುತ್ತ ತಾನು ಉಪ್ಪು ಹಾಕಿಕೊಂಡು ಉಣ್ಣುವುದು ಸಾಧ್ಯವಾಗದೆ ನಾನೂ ಬಿಟ್ಟೆ. ನೀರಿನ ಮಾತ್ರೆಯು ಅಡುಗೆಯ ಉಪ್ಪಲ್ಲದ, ಮೈಗೆ ಬೇಕಾದ ಇನ್ನೊಂದು ಲವಣವನ್ನೂ ಜೊತೆಗೆ ತೊಳೆದುಬಿಡುತ್ತದೆ, ಅದಕ್ಕಾಗಿ ದಿನವೂ ಬಾಳೆಹಣ್ಣು, ಎಳನೀರು ಕೊಡಿ ಎಂದು ಬ್ರಹ್ಮಾವರದಲ್ಲಿ ಹೇಳಿದ್ದರು. ಕೊಡುತ್ತಿದ್ದೆ. ಆದರೆ ಮರುವರ್ಷ ಅವರಿಗೆ ಬಾಯಾರಿಕೆ ವಿಪರೀತವಾಯಿತು. ಕುಂದಾಪುರದ ಇನ್ನೊಬ್ಬ ವೈದ್ಯರು ಪರೀಕ್ಷೆ ಮಾಡಿ ಸಕ್ಕರೆ ಕಾಯಿಲೆ ಎಂದರು. ಬೇರೆ ಮಾತ್ರೆ ಕೊಟ್ಟರು. ಸಕ್ಕರೆ, ಬೆಲ್ಲ, ಬಾಳೆಹಣ್ಣು, ಎಳನೀರು ಯಾವುದೂ ಕೂಡದು ಎಂದರು. ಬಾಳೆಹಣ್ಣು ಕೊಡಲೇಬೇಕೆಂದು ಹೃದಯದ ವೈದ್ಯರ ಮಾತಿದೆ ಎಂದು ನಾನು ಅಂಜುತ್ತ ಅರಿಕೆ ಮಾಡಿದೆ. "ಅದು ಹೃದಯದ ಮಾತು, ಇದು ಸಕ್ಕರೆಯ ಮಾತು" ಎಂದರು.

ಒಬ್ಬನೇ ಮನುಷ್ಯನ ಮೇಲೆ ಇಬ್ಬರು ಮೇಲಧಿಕಾರಿಗಳು. ಅವರ ಆದೇಶಗಳು ಒಂದಕ್ಕೊಂದು ಎದುರು. ನಾನು ನಡುವಿನ ಜವಾನನ ಹಾಗೆ ಓಡಾಡಬೇಕಿತ್ತು. ಆಗ ಹೊಳೆಗಳಿಗೆ ಎಲ್ಲ ಕಡೆ ಸೇತುವೆ ಆಗಿರಲಿಲ್ಲ. ಬಸ್ಸು ಇಳಿದು ದೋಣಿ ಹತ್ತಿ, ಆಚೆ ದಡದಲ್ಲಿ ಮತ್ತೊಂದು ಬಸ್ಸಿಗೆ ಕಾದು ಬ್ರಹ್ಮಾವರ ಮುಟ್ಟುವಷ್ಟರಲ್ಲಿ ರೋಗಿ ಇನ್ನಷ್ಟು ರೋಗಿಯಾಗುತ್ತಿದ್ದರು. ಹೀಗಾಗಿ ಹತ್ತಿರದ ಕುಂದಾಪುರದ ಮಾತೇ ನಡೆಯಿತು. ಬ್ರಹ್ಮಾವರಕ್ಕೆ ಹೋಗುವುದು ಅಪರೂಪವಾಯಿತು. ಹಳೆಯ ಚೀಟಿಯ ಮಾತ್ರೆಗಳನ್ನೇ ತರಿಸುತ್ತಿದ್ದೆ. ನಾನು ದಣಿದಿದ್ದೆ ಎಂಬುದನ್ನು ಬಿಟ್ಟರೆ ಇದಕ್ಕೆ ಬೇರೆ ಕಾರಣವಿಲ್ಲ.

ಆ ವರ್ಷದ ನವರಾತ್ರಿ ಕಳೆದ ಮೇಲೆ ಅತ್ತಿಗೆ ಬಂದಳು. ಜಗಲಿಯಲ್ಲಿ ಒರಗಿದ್ದ ತಮ್ಮನನ್ನು ಕಂಡವಳೇ ಚೀಲವನ್ನು ಅಲ್ಲಿಯೇ ಕುಕ್ಕಿದಳು.

"ಎಂತ ಆಯ್ತ್ ಮಾರಾಯ ನಿಂಗೆ? ಎಲುಬ್ ಮಾತ್ರ ಉಳ್ದಿತ್ತಲ್ಲ! ಹೆಂಡ್ತಿ ಅನ್ನ ಹಾಕುದಿಲ್ಯಾ?"

"ಅನ್ನ ಇತ್ತ್ ಅಕ್ಕ" ಎಂದರು ಇವರು. "ಉಪ್ಪಿಲ್ಲೆ, ಬೆಲ್ಲ ಇಲ್ಲೆ, ಕಾಪಿ ಇಲ್ಲೆ. ಅಷ್ಟೇಯ."

"ಕಾಪಿ ಯಾಕೆ ಇಲ್ಲೆ?"

"ಎದೆ ಓಡತ್ತ್ ಅಂಬ್ರ್."

"ಆ ಡಾಕ್ಟ್ರಿಗೆ ಹೆಂಡ್ತಿ ಮಕ್ಕಳ್ ಇಲ್ಯಾ? ಮನ್ಷ ಬಾಯಿಗ್ ಎಂತ ಹಾಕುದ್ ಹಂಗಾರೆ? ಮಣ್ಣಾ?" ಎಂದು ನನ್ನ ಕಡೆ ತಿರುಗಿದಳು. "ಹೆಣೆ, ನೀ ಸುಮ್ನಿರ್. ನಾ ಕಾಣ್ತೆ."

ಆಕೆ ಕಂಡುಕೊಂಡ ಉಪಾಯ ಕಷಾಯ. ಕೊತ್ತಂಬರಿ, ಜೀರಿಗೆ, ಸ್ವಲ್ಪ ಕಾಳುಮೆಣಸು ಹುರಿದು ಪುಡಿಮಾಡಿ ಕುದಿಸುವುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇರುವುದೇ. ಅದಕ್ಕೆ ಬೆಲ್ಲ ಹಾಕಿದರೆ ಕುಡಿಯಲು ರುಚಿ. ಬೆಲ್ಲ ಹಾಕುವಂತಿಲ್ಲ. ಆಕೆ ಚೀಲದಿಂದ ಒಂದು ಕಟ್ಟು ಬೇರು ತೆಗೆದು ಜಜ್ಜಿ ಪಾತ್ರೆಗೆ ಹಾಕಿದಳು. ಕುದಿದ ಮೇಲೆ ನನಗೂ ಕೊಟ್ಟಳು. ಜೇನು ಕಲಸಿದಂತೆ ಸಿಹಿ.

"ಅತ್ಗಿ, ಇದೆಂತ ಬೇರ್?"

"ಜೇಷ್ಠಮಧು ಮಾರಾಯ್ತಿ. ಹುಟ್ಟಿದ್ ಮಕ್ಳಿಗೂ ತೇದ್ ನೆಕ್ಸುದಿತ್ತ್. ಇದ್ಕೂ ಡಾಕ್ಟ್ರ ಚೀಟಿ ಬೇಕಾ?"

ಬೇಕೆಂದು ನನಗೂ ಅನಿಸಲಿಲ್ಲ. ಕಷಾಯವು ಕುಡಿಯುವ ವಸ್ತು. ಅದನ್ನು ಔಷಧಿಯ ಸಾಲಿಗೆ ಯಾರು ಸೇರಿಸುತ್ತಾರೆ? ಬಹಳ ಕಾಲದ ಮೇಲೆ ಇವರ ಮುಖದಲ್ಲಿ ಒಂದು ನಗು ಬಂತು. "ಇದ್ ಸಮ ಇತ್ತ್ ಅಕ್ಕ. ಇನ್ನೊಂದ್ ಲೋಟ ಕೊಡ್" ಎಂದು ಕೇಳಿ ಕುಡಿದರು. ತಮ್ಮನು ಕೇಳಿ ಕುಡಿದನೆಂದು ಅತ್ತಿಗೆ ಊರಿಗೆ ಹಿಂತಿರುಗುವುದನ್ನು ಮುಂದೂಡಿದಳು. ಒಲೆಯ ಮೇಲೆ ಕಷಾಯದ ಪಾತ್ರೆ ಇಳಿಯುತ್ತಲೇ ಇರಲಿಲ್ಲ. ಅವರು ಶಾಲೆಗೆ ಹೋಗುವಾಗಲೂ, ಬೊಂಬಾಯಿಯ ನೆಂಟರೊಬ್ಬರು ಕೊಟ್ಟ ಥರ್ಮಾಸಿನಲ್ಲಿ ಅದನ್ನು ತುಂಬಿ ಕಳಿಸುತ್ತಿದ್ದಳು. ನೀರಿನ ಬದಲು ಅದೇ ಆಯಿತು.

ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ನಾನು ಎಂದಿನಂತೆ ಮುಂಗೈ ಹಿಡಿದೆ. ನನ್ನ ಬೆರಳ ಕೆಳಗೆ ನಾಡಿ ಒಂದೊಂದಾಗಿ, ಸಮ ಅಂತರದಲ್ಲಿ ಬಡಿಯುತ್ತಿತ್ತು. ನಿಧಾನವೇನೋ ಇತ್ತು, ಆದರೆ ವೈದ್ಯರು ಹೇಳಿದ ಮಿತಿಯ ಮೇಲೆಯೇ ಇತ್ತು. ನಂಬಲಾರದೆ ಬಿಟ್ಟು ಮತ್ತೆ ಹಿಡಿದೆ. ಅದೇ ತಾಳ.

"ಹ್ವಾಯ್, ಇವತ್ತ್ ನಾಡಿ ಸಮ ಬಡೀತಿತ್ತ್!"

"ಇಷ್ಟ್ ವರ್ಷಕ್ಕೆ ಅದ್ಕೂ ಬುದ್ಧಿ ಬಂತ್ ಕಾಣತ್ತ್" ಎಂದರು ಅವರು. ಅವರಿಗೂ ಸಂತೋಷವಾಗಿತ್ತು.

ಅತ್ತಿಗೆ ಅಡುಗೆಮನೆಯಿಂದಲೇ ಕೂಗಿದಳು. "ಕಂಡ್ಯಾ? ನಿಮ್ಮ ಡಾಕ್ಟ್ರ್ ಸರಿ ಆತಿಲ್ಲೆ ಅಂದದ್ದ್ ಅಲ್ದಾ? ಅಮಾಸೆಬೈಲ್ ಕಷಾಯ ಕುಡ್ಸುಕೆ ಅವ್ರಿಗ್ ಗೊತ್ತಿಲ್ಲೆ, ಪಾಪ!"

ಆ ದಿನ ಮೂವರೂ ನಕ್ಕೆವು. ಆ ನಗುವಿನ ವಿಷಯದಲ್ಲಿ ನಾನು ಈಗಲೂ ಯಾರನ್ನೂ ದೂರಲಾರೆ. ವರ್ಷಗಟ್ಟಲೆ ತಪ್ಪಿದ ತಾಳವನ್ನು ಬೆರಳಲ್ಲಿ ಹಿಡಿದು ಕುಳಿತವಳಿಗೆ ಸರಿಯಾದ ತಾಳ ಸಿಕ್ಕಿದರೆ ಅದನ್ನು ಕೇಡೆಂದು ತಿಳಿಯುವ ಬಗೆ ಹೇಗೆ?

ಆದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಅನ್ನದ ವಾಸನೆಗೆ ವಾಕರಿಕೆ ಬರುತ್ತಿತ್ತು. ತೊಡೆಗಳಲ್ಲಿ ಬಲವಿಲ್ಲ, ಮೆಟ್ಟಿಲು ಹತ್ತಲು ಗೋಡೆ ಹಿಡಿಯಬೇಕು. ಇಳಿದಿದ್ದ ಕಾಲಿನ ಬಾವು ಮತ್ತೆ ಏರಿತು. ಸಕ್ಕರೆ ಕಾಯಿಲೆಯ ಸುಸ್ತು ಇರಬೇಕೆಂದು ನಾನೂ, ಮಾತ್ರೆಗಳ ಉಷ್ಣ ಇರಬೇಕೆಂದು ಅತ್ತಿಗೆಯೂ ತಿಳಿದೆವು. ಉಷ್ಣಕ್ಕೆಂದು ಕಷಾಯ ಇನ್ನಷ್ಟು ಹೆಚ್ಚಾಯಿತು.

ಒಂದು ಸಂಜೆ ಶಾಲೆಯಿಂದ ಬಂದವರು, "ಈ ಸಲ ಇಲಾಖೆಯಿಂದ್ ಹಳ್ದಿ ಸೀಮೆಸುಣ್ಣ ಕಳ್ಸಿರ್ ಕಾಣ್. ಹಲಗಿ ಮೇಲೆ ಚಂದವೇ ಇಲ್ಲೆ" ಎಂದರು. ಅಂಗಿ ಒಗೆಯಲು ತೆಗೆದಾಗ ಕಿಸೆಯಲ್ಲಿ ಒಂದು ತುಂಡು ಸಿಕ್ಕಿತು. ಅಚ್ಚ ಬಿಳಿ. ಅದನ್ನು ಅವರ ಮುಂದೆ ಹಿಡಿದು ಇದು ಯಾವ ಬಣ್ಣ ಎಂದು ಕೇಳಿದೆ.

"ಹಳ್ದಿ. ಹೇಳಿದ್ನಲ್ಲ."

"ನನ್ನ ಸೆರಗ್?" ನಾನು ಉಟ್ಟಿದ್ದು ಬಿಳಿಯ ಸೆರಗಿನ ಸೀರೆ.

ಅವರು ನೋಡಿದರು. ಕಣ್ಣುಜ್ಜಿಕೊಂಡು ಮತ್ತೆ ನೋಡಿದರು. ಮರುದಿನ ಬೆಳಿಗ್ಗೆ ನಾಡಿ ಮತ್ತೂ ನಿಧಾನವಾಗಿತ್ತು. ಎರಡು ಬಡಿತ ಜೊತೆಯಾಗಿ ಬಂದು, ಆಮೇಲೆ ನಾನು ಉಸಿರು ಹಿಡಿದು ಕಾಯಬೇಕಾದಷ್ಟು ಹೊತ್ತು ಏನೂ ಇರುತ್ತಿರಲಿಲ್ಲ. ಮಾತ್ರೆ ಕೊಡಲಿಲ್ಲ. ಮೊದಲ ಬಸ್ಸಿಗೆ ಬ್ರಹ್ಮಾವರಕ್ಕೆ ಹೊರಟೆವು. ಅತ್ತಿಗೆಯೂ ಥರ್ಮಾಸನ್ನು ಮಡಿಲಲ್ಲಿ ಇಟ್ಟುಕೊಂಡು ಬಂದಳು. ದೋಣಿಯಲ್ಲಿ ಅವರು ಅಕ್ಕನ ಹೆಗಲಿಗೆ ಒರಗಿ ಕುಳಿತರು. ದೋಣಿಯವನು, "ಹ್ವಾಯ್ ಮಾಸ್ಟ್ರೇ, ಗಟ್ಟಿ ಕೂಕಣಿ" ಎಂದರೆ ತಲೆಯೆತ್ತಲೂ ಆಗಲಿಲ್ಲ.

ವೈದ್ಯರು ಮುಂಗೈ ಹಿಡಿದರು. ಬಿಡಲಿಲ್ಲ. ಎದೆಗೆ ಕೊಳವೆ ಇಟ್ಟು ಕಣ್ಣು ಮುಚ್ಚಿಕೊಂಡು ಕೇಳಿದರು.

"ಎಂದಿನಿಂದ ಹೀಗೆ?"

ಈ ಜೋಡಿ ಬಡಿತ ಇವತ್ತಿನದು, ಆದರೆ ಅದಕ್ಕೆ ಮೊದಲು ಕೆಲವು ವಾರ ನಾಡಿ ಬಹಳ ಸರಿಯಾಗಿತ್ತು, ಒಂದೂ ತಪ್ಪುತ್ತಿರಲಿಲ್ಲ ಎಂದು ನಾನು ತಿಳಿಸಿದೆ. ಅವರು ಮೆಚ್ಚುತ್ತಾರೆಂದೇ ನನ್ನ ಎಣಿಕೆಯಾಗಿತ್ತು. ಅವರ ಮುಖ ಕಪ್ಪಿಟ್ಟಿತು.

"ಅಮ್ಮ, ಈ ಹೃದಯ ತಾಳ ತಪ್ಪಿ ಬಡಿಯುವಂಥದ್ದೇ. ಅದು ಸರಿಯಾಗಿ ಬಡಿಯಿತೆಂದರೆ ವಾಸಿಯಾದದ್ದಲ್ಲ. ಮಾತ್ರೆಯ ಬಲ ಮಿತಿಮೀರಿ, ಹೃದಯದ ಮೇಲಿನ ಕೋಣೆಯ ಬಡಿತ ಕೆಳಗಿನ ಕೋಣೆಗೆ ಇಳಿಯುವ ದಾರಿಯೇ ಮುಚ್ಚಿ, ಕೆಳಗಿನದು ತನ್ನಷ್ಟಕ್ಕೆ ನಿಧಾನವಾಗಿ ಸಮ ಬಡಿದಿದೆ ಎಂದು ಅರ್ಥ. ಇದನ್ನು ನಿಮಗೆ ಮೊದಲೇ ಹೇಳದೆ ಉಳಿದದ್ದು ನನ್ನ ತಪ್ಪು. ದಿನಕ್ಕೆ ಎಷ್ಟು ಕೊಡುತ್ತೀರಿ?"

"ತಾವು ಹೇಳಿದಂತೆ ಒಂದೇ."

"ಅಂಗಡಿಯ ಔಷಧಿ?"

"ಇಲ್ಲ."

"ನಾಟಿ ಔಷಧಿ? ಲೇಹ್ಯ? ಭಸ್ಮ?"

"ದೇವರಾಣೆ ಇಲ್ಲ."

ನಾನು ಹೇಳಿದ್ದು ಸತ್ಯವೆಂದೇ ನನ್ನ ನಂಬಿಕೆ. ಅಷ್ಟರಲ್ಲಿ ನಮ್ಮ ಮನೆಯವರು ಬಾಯಾರಿ ತುಟಿ ಸವರಿಕೊಂಡರು. ಅತ್ತಿಗೆ ಥರ್ಮಾಸಿನ ಮುಚ್ಚಳಕ್ಕೆ ಕಷಾಯ ಬಗ್ಗಿಸಿ ಅವರ ಬಾಯಿಗೆ ಹಿಡಿದಳು. ವೈದ್ಯರು ಅವಳ ಕೈ ತಡೆದರು.

"ಅದೇನು?"

"ಕಷಾಯ ಡಾಕ್ಟ್ರೇ. ಔಷಧಿ ಅಲ್ಲ, ಕಷಾಯ."

ಅವರು ಮುಚ್ಚಳ ತೆಗೆದುಕೊಂಡು ಮೂಸಿದರು. ಒಂದು ಗುಟುಕು ಕುಡಿದರು. ಸಿಟ್ಟಾದರು.

"ಸಕ್ಕರೆ ಕಾಯಿಲೆಯ ಮನುಷ್ಯನಿಗೆ ಇಷ್ಟು ಸಿಹಿಯೇ?"

"ಒಂದ್ ಹರಳ್ ಸಕ್ಕರಿ ಇಲ್ಲೆ ಅದ್ರಲ್ಲಿ!" ಅತ್ತಿಗೆಯ ಸ್ವರ ಏರಿತು. "ಬೆಲ್ಲವೂ ಇಲ್ಲೆ. ನಂಗ್ ಅಷ್ಟ್ ಬುದ್ಧಿ ಇಲ್ಯಾ?"

"ಮತ್ತೆ ಸಿಹಿ ಎಲ್ಲಿಂದ ಬಂತು?"

"ಬೇರಿಂದ್. ಜೇಷ್ಠಮಧು."

ವೈದ್ಯರು ಮುಚ್ಚಳವನ್ನು ಮೇಜಿನ ಮೇಲಿಟ್ಟರು. "ದಿನಕ್ಕೆ ಎಷ್ಟು ಕುಡಿಯುತ್ತಾರೆ?"

"ಕೇಳ್ದಾಗೆಲ್ಲ ಕೊಡ್ತೆ. ಕಾಪಿ ಕುಡುಕಾಗ, ಎಳ್ನೀರ್ ಕುಡುಕಾಗ ಅಂದ್ರೆ ನನ್ನ ತಮ್ಮ ಎಂತ ಕುಡೀಕ್?"

"ಎಳನೀರು ಬೇಡವೆಂದು ಯಾರು ಹೇಳಿದರು?"

ನಾನು ಕುಂದಾಪುರದ ವಿಷಯ ತಿಳಿಸಿದೆ. ಬಾಳೆಹಣ್ಣು ನಿಂತದ್ದನ್ನೂ ತಿಳಿಸಿದೆ. ವೈದ್ಯರು ಕುರ್ಚಿ ಎಳೆದುಕೊಂಡು ನಮ್ಮ ಎದುರು ಕುಳಿತರು. ಆಮೇಲೆ ಸಿಟ್ಟಿಲ್ಲದೆ, ಪಾಠ ಹೇಳುವವರಂತೆ ಬಿಡಿಸಿ ಹೇಳಿದರು. ಆ ಬೇರು ಕೆಟ್ಟದ್ದಲ್ಲ. ಕೆಮ್ಮಿಗೆ ಒಂದೆರಡು ದಿವಸ ಕುಡಿದರೆ ಗಟ್ಟಿಮುಟ್ಟಾದವರಿಗೆ ಸಾಮಾನ್ಯವಾಗಿ ಏನೂ ಆಗದು. ದಿನವೂ ಬಹಳ ಕುಡಿದರೆ ಅದು ಮೈಯಲ್ಲಿ ನೀರು ನಿಲ್ಲಿಸುತ್ತದೆ, ಬೇಕಾದ ಆ ಲವಣವನ್ನು ಹೊರಗೆ ಕಳಿಸುತ್ತದೆ. ನೀರಿನ ಮಾತ್ರೆಯೂ ಅದನ್ನೇ ಹೊರಗೆ ಕಳಿಸುತ್ತದೆ. ತುಂಬಿಕೊಡಬೇಕಾದ ಬಾಳೆಹಣ್ಣು, ಎಳನೀರು ನಿಂತುಹೋಗಿವೆ. ಆ ಲವಣ ಬತ್ತಿದ ಮೈಯಲ್ಲಿ ಹೃದಯದ ಅದೇ ಸಣ್ಣ ಮಾತ್ರೆ ವಿಷದಂತೆ ಕೆಲಸ ಮಾಡುತ್ತದೆ. ಕಣ್ಣಿಗೆ ಹಳದಿ ಕಾಣುವುದೂ, ವಾಕರಿಕೆಯೂ ಅದರದ್ದೇ.

"ಬದ್ಕತ್ನಾ?" ಎಂದಳು ಅತ್ತಿಗೆ.

"ಈಗ ಏನೂ ಹೇಳಲಾರೆ. ಇಲ್ಲಿಯೇ ಮಲಗಲಿ."

ಮಾತ್ರೆ ನಿಂತಿತು. ಕಷಾಯ ನಿಂತಿತು. ಲವಣದ ಕಹಿ ಔಷಧಿ ಕುಡಿಸಿದರು, ಎಳನೀರು ಕುಡಿಸಿದರು. ನಾನು ಮಂಚದ ಬದಿಯಲ್ಲಿ ಮುಂಗೈ ಹಿಡಿದು ಕುಳಿತೆ. ಎರಡು ಬಡಿತ, ಮತ್ತೆ ಕಾಯುವುದು. ಎರಡು ಬಡಿತ, ಮತ್ತೆ ಕಾಯುವುದು. ಪ್ರತಿ ಸಲವೂ ಮುಂದಿನ ಬಡಿತ ಬರುವುದೇ ಎಂಬುದೊಂದೇ ನನ್ನ ಲೋಕವಾಗಿತ್ತು. ಹೊರಗಿನ ಜಗಲಿಯಲ್ಲಿ ಅತ್ತಿಗೆ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ನಾನು ನೀರು ಕುಡಿಯಲು ಎದ್ದಾಗ ನನ್ನ ಸೆರಗು ಹಿಡಿದಳು.

"ಹೆಣೆ, ನಾ ಅವ್ನಿಗ್ ವಿಷ ಕುಡ್ಸಿದೆ ಅಂತ ಆಯ್ತಾ?"

"ಹಂಗಲ್ಲ ಅತ್ಗಿ."

"ಮತ್ತೆ ಹ್ಯಾಂಗ್? ಹೇಳ್. ಹಾಲ್ ಕುಡ್ಸಿದ್ ಕೈ ಇದ್."

ಆಕೆಯ ಮೇಲೆ ಸಿಟ್ಟು ಬರಬೇಕಿತ್ತು. ಅದಕ್ಕೆ ಶಕ್ತಿ ಇರಲಿಲ್ಲ. ಸಮಾಧಾನ ಹೇಳಬೇಕಿತ್ತು, ಅದಕ್ಕೂ ಇರಲಿಲ್ಲ. ಸೆರಗು ಬಿಡಿಸಿಕೊಂಡು ಒಳಗೆ ಹೋಗಿ ಮತ್ತೆ ಮುಂಗೈ ಹಿಡಿದೆ.

ಕೆಲವು ದಿನ ಹಾಗೆಯೇ ಹೋದವು. ಆಮೇಲೆ ಒಂದು ಬೆಳಿಗ್ಗೆ ನನ್ನ ಬೆರಳ ಕೆಳಗೆ ಬಡಿತವೊಂದು ಅವಸರದಲ್ಲಿ ಬಂತು. ಅದರ ಹಿಂದೆ ಇನ್ನೊಂದು ತಡೆದು ಬಂತು. ಮತ್ತೆ ಮೂರು ಒಟ್ಟಿಗೆ ನುಗ್ಗಿದವು. ನಾನು ವೈದ್ಯರನ್ನು ಕರೆದೆ. ಅವರು ಹಿಡಿದು ನೋಡಿ, ನಾವು ಬಂದ ಮೇಲೆ ಮೊದಲನೆಯ ಸಲ ನಕ್ಕರು.

"ಈಗ ಸರಿಯಾಗಿ ತಪ್ಪುತ್ತಿದೆ."

ನಾನು ಜಗಲಿಗೆ ಹೋಗಿ, "ಅತ್ಗಿ, ತಾಳ ತಪ್ಪಿತ್" ಎಂದೆ. ಆಕೆ ಗಾಬರಿಯಿಂದ ಎದ್ದು ನಿಂತಳು. ತಪ್ಪುವುದೇ ಒಳ್ಳೆಯದೆಂದು ತಿಳಿಸಿ ಹೇಳುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತು. ಅಳುತ್ತಿದ್ದವಳು ನಾನು; ಆಕೆ ಅಳಲಿಲ್ಲ. ಒಳಗೆ ಬಂದು ಬಾಗಿಲಲ್ಲಿ ನಿಂತು ತಮ್ಮನನ್ನು ನೋಡಿದಳು. ಹತ್ತಿರ ಹೋಗಲಿಲ್ಲ.

"ಅಕ್ಕ, ಕಾಣ್" ಎಂದು ಅವರು ಗೋಡೆಯ ಕಡೆ ಬೆರಳು ತೋರಿಸಿದರು. "ಸುಣ್ಣ ಬೆಳ್ಳಗ್ ಇತ್ತ್."

ಬ್ರಹ್ಮಾವರದ ವೈದ್ಯರು ಕುಂದಾಪುರದವರಿಗೆ ಬರೆದರು. ಇಬ್ಬರೂ ಒಪ್ಪಿ ಒಂದು ಕ್ರಮ ಮಾಡಿದರು. ಸಣ್ಣ ಬಾಳೆಹಣ್ಣು ಅರ್ಧ, ಎಳನೀರು ಅಳತೆಯಲ್ಲಿ, ಅದಕ್ಕೆ ಸರಿಯಾಗಿ ಅನ್ನ ಕಡಿಮೆ, ಹೃದಯದ ಮಾತ್ರೆ ಮೊದಲಿನ ಅರ್ಧ. ಔಷಧಿಯೋ ಅಲ್ಲವೋ ಎಂದು ನೀವು ತೀರ್ಮಾನಿಸಬೇಡಿ, ಬಾಯಿಗೆ ಹೋಗುವ ಪ್ರತಿಯೊಂದನ್ನೂ ನಮಗೆ ಹೇಳಿ ಎಂದು ಇಬ್ಬರೂ ನನಗೆ ತಾಕೀತು ಮಾಡಿದರು. ನಾನು ಒಪ್ಪಿಕೊಂಡೆ. ಅದರ ಭಾರ ಎಷ್ಟೆಂದು ಆಗ ನನಗೆ ಅಂದಾಜಿರಲಿಲ್ಲ.

ಅತ್ತಿಗೆ ಬ್ರಹ್ಮಾವರದಿಂದಲೇ ಊರಿಗೆ ಹೋದವಳು ಬಹಳ ತಿಂಗಳು ಬರಲಿಲ್ಲ. ನಾನು ಹೇಳಿಕಳಿಸಿದೆ. ಗದ್ದೆಯ ಕೆಲಸ ಎಂದು ಉತ್ತರ ಬಂತು. ಮತ್ತೆ ಹೇಳಿಕಳಿಸಿದೆ. ದನ ಕರು ಹಾಕಿದೆ ಎಂದು ಬಂತು. ಇವರು ಶಾಲೆಗೆ ಪುನಃ ಹಾಜರಾದರು. ಹಾಜರಾದ ವರದಿಯನ್ನು ನಾನೇ ಬರೆದೆ. ಆದರೆ ಊಟಕ್ಕೆ ಕುಳಿತಾಗ ಬಾಗಿಲ ಕಡೆ ನೋಡುತ್ತಿದ್ದರು. ಕೊನೆಗೆ, "ನಂಗ್ ಎಂತ ಆಯ್ತ್ ಅಂತಲ್ಲ, ಅಕ್ಕಂಗೆ ಎಂತ ಆಯ್ತ್ ಕಾಂಬ, ಹೋಪ" ಎಂದರು. ಆ ದಾರಿಯ ಬಸ್ಸಿನ ಕುಲುಕಾಟ ಅವರಿಗೆ ಆಗದೆಂದು ನಾನು ಒಬ್ಬಳೇ ಅಮಾಸೆಬೈಲಿಗೆ ಹೋದೆ. ಆಕೆಯ ಮುಂದೆ ಕುಳಿತು, ತಮ್ಮನು ಉಣ್ಣುತ್ತಿಲ್ಲ, ನನಗೆ ಸಾಕಾಗಿದೆ, ತಾವು ಬರಬೇಕು ಎಂದಷ್ಟೇ ಹೇಳಿದೆ. ಆಕೆ ಎದ್ದು ಸೀರೆ ಬದಲಿಸಿ ಬಂದಳು.

ಆ ಮಧ್ಯಾಹ್ನ ಅವರಿಗೆ ಗಂಜಿ ಬಡಿಸಿದವಳು ಅತ್ತಿಗೆಯೇ. ಉಪ್ಪಿಲ್ಲದ ಗಂಜಿ, ಉಪ್ಪಿಲ್ಲದ ಪಲ್ಯ. ಅವರು ಬಟ್ಟಲು ಖಾಲಿ ಮಾಡಿ ಮುಂದಕ್ಕೆ ಸರಿಸಿದರು. ಹಿಂದಾದರೆ ಅವರು ಬೇಡವೆಂದು ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಸುರಿಯುತ್ತಿದ್ದವಳು ಆಕೆ. ಈಗ ಸೌಟನ್ನು ಪಾತ್ರೆಯ ಮೇಲೆ ಹಿಡಿದು ನನ್ನ ಕಡೆ ನೋಡಿದಳು.

"ಹೆಣೆ, ಇನ್ನೊಂದ್ ಸೌಟ್ ಹಾಕ್ಲಾ?"

ಇವರು ತಟ್ಟನೆ ತಲೆಯೆತ್ತಿದರು. "ಅವಳನ್ನ ಕೇಳುದ್ ಯಾಕ್ ಅಕ್ಕ? ಗಂಜಿ ಅಲ್ದಾ ಅದ್?"

"ಕೇಳ್ದೆ ಹಾಕಿದ್ ಸಾಕಾಯ್ತ್ ತಮ್ಮ."

ಸೌಟಿನಿಂದ ಹನಿ ಬೀಳುತ್ತಿತ್ತು. ಇಬ್ಬರೂ ನನ್ನ ಬಾಯಿ ನೋಡುತ್ತಿದ್ದರು. ಕಾಲಿನ ಬಾವು ಹೇಗಿದೆ, ಬೆಳಿಗ್ಗೆಯಿಂದ ಒಳಗೆ ಹೋದ ನೀರೆಷ್ಟು, ಅರ್ಧ ಬಾಳೆಹಣ್ಣಿಗೆ ಬದಲಾಗಿ ಬಿಡಬೇಕಾದ ಅನ್ನವೆಷ್ಟು ಎಂದು ನನ್ನ ಮನಸ್ಸು ಆಗಲೇ ಲೆಕ್ಕ ಹಾಕುತ್ತಿತ್ತು. ಅಕ್ಕನೊಬ್ಬಳು ತಮ್ಮನಿಗೆ ಒಂದು ಸೌಟು ಗಂಜಿ ಹಾಕಲು ನನ್ನ ಅಪ್ಪಣೆಗೆ ಕಾಯುವ ಈ ದಿನವನ್ನು ನಾನು ಬೇಡಿದವಳಲ್ಲ. ಆದರೆ ಅವರು ನನ್ನ ಎದುರು ಉಸಿರಾಡುತ್ತ ಕುಳಿತಿದ್ದರು.

"ಅರ್ಧ ಸೌಟ್ ಹಾಕಿ ಅತ್ಗಿ" ಎಂದೆ.

ಆಕೆ ಅರ್ಧ ಸೌಟೇ ಹಾಕಿದಳು. ಅವರು ಅಷ್ಟನ್ನೇ ಉಂಡರು.

ಅದಾಗಿ ಈಗ ಕೆಲವು ವರ್ಷಗಳಾದವು. ಈ ಬರಹ ಬರೆಯುತ್ತಿರುವ ಹೊತ್ತಿಗೆ ಅವರು ಜಗಲಿಯಲ್ಲಿ ಮಕ್ಕಳ ಉತ್ತರಗಳನ್ನು ನೋಡುತ್ತ ಕುಳಿತಿದ್ದಾರೆ. ಇವತ್ತಿನ ನಾಡಿ ತಪ್ಪುತ್ತಲೇ ಇದೆ, ಬಣ್ಣಗಳು ಬಣ್ಣಗಳಾಗಿಯೇ ಕಾಣುತ್ತಿವೆ. ಹೊಸ ಮಾತ್ರೆಯೊಂದು ಬಂದಿದೆ. ಅದರ ಸಲುವಾಗಿ ಇಬ್ಬರು ವೈದ್ಯರನ್ನೂ ಕೇಳಬೇಕಾಗಿದೆ. ನನಗೆ ದಣಿವಾಗಿದೆ ಎಂಬುದನ್ನು ಯಾರಿಗೂ ಅರ್ಜಿಯ ಮೂಲಕ ತಿಳಿಸುವ ಕ್ರಮವಿಲ್ಲವಾದ್ದರಿಂದ ಇಲ್ಲಿ ತಿಳಿಸಿದ್ದೇನೆ.

ಇದನ್ನು ಮಾಸ್ತರರಾದ ಅವರಿಗೆ ತೋರಿಸಿ ತಿದ್ದಿಸಿಕೊಳ್ಳಬಹುದಿತ್ತು. ಓದಿದರೆ ಅವರ ಎದೆ ಓಡೀತೆಂದು ತೋರಿಸಿಲ್ಲ. ಆದ್ದರಿಂದ ಇದರಲ್ಲಿ ಕಾಣುವ ಕಾಗುಣಿತದ, ಒತ್ತಕ್ಷರದ, ಹಾಗೂ ಮಾತಿನ ಜೋಡಣೆಯ ತಪ್ಪುಗಳನ್ನು ಓದಿದ ತಾವೇ ಕೈಯಾರೆ ತಿದ್ದಿಕೊಳ್ಳಬೇಕಾಗಿ ಬೇಡಿಕೊಳ್ಳುತ್ತೇನೆ.